ಕ್ರೂಗ್‌ಬಾಖ್ ಕ್ಲಬ್ಬಿನ ನೂರು ವರ್ಷ

"ತಾತಾ, ಯು ಗಾಟ್ ಅ ಪಾರ್ಸೆಲ್. ಫ್ರಮ್ ಜರ್ಮನಿ," ಎಂದು ಮೊಮ್ಮಗಳು ಆದ್ಯಾ ವಿಡಿಯೊ ಕಾಲಿನಲ್ಲಿ ಹೇಳಿದಾಗ ಬದರಿನಾಥರು ಸಿಡ್ನಿಯ ಮಾರ್ಸ್ಡನ್ ಪಾರ್ಕಿನ ಮಗನ ಮನೆಯಲ್ಲಿ ಕೂತು ಅವಲಕ್ಕಿ ತಿನ್ನುತ್ತಿದ್ದರು. ಹುಡುಗಿ ಆಗಲೇ ಕಾಗದ ಹರಿದು ಪುಸ್ತಕವನ್ನು ಫೋನಿನ ಮುಂದೆ ಹಿಡಿದಿದ್ದಳು. ಹಸಿರು ರಟ್ಟು, ಅದರ ಮೇಲೆ ಮೀಸೆ ಬಿಟ್ಟ ಹನ್ನೊಂದು ಜನರ ಹಳೆಯ ಫೋಟೊ, ಕೆಳಗೆ ದಪ್ಪಕ್ಷರದಲ್ಲಿ ನೂರು ಎಂಬ ಅಂಕಿ.

"ಅದನ್ನ ಮುಟ್ಟಬೇಡ ಪುಟ್ಟಾ. ಹಳೇ ಕಾಲದ ಬೈಂಡಿಂಗು, ಕಿತ್ತು ಬರತ್ತೆ," ಎಂದರು ಬದರಿನಾಥರು.

"ಇಟ್ಸ್ ಬ್ರ್ಯಾಂಡ್ ನ್ಯೂ, ತಾತಾ."

ಹೇಗೂ ಪೂರ್ತಿ ಜರ್ಮನ್ ಭಾಷೆಯಲ್ಲಿದೆ, ನಿನಗೆ ಅರ್ಥವಾಗುವುದಿಲ್ಲ ಎಂದು ಅವರು ಸಮಾಧಾನ ಮಾಡಿಕೊಳ್ಳುವಷ್ಟರಲ್ಲಿ, ಫೋನಿನ ಕ್ಯಾಮೆರಾ ಹಿಡಿದರೆ ಸಾಕು, ಪುಟಕ್ಕೆ ಪುಟವೇ ಇಂಗ್ಲಿಷ್ ಆಗುತ್ತದೆ ಎಂದು ಅವಳು ತಿಳಿಸಿದಳು. ಬದರಿನಾಥರು ಅವಲಕ್ಕಿಯ ತಟ್ಟೆ ಕೆಳಗಿಟ್ಟರು. ಅವಳ ಬೆನ್ನ ಹಿಂದೆ, ಮೆಲ್ಬರ್ನಿನ ಗ್ಲೆನ್ ವೇವರ್ಲಿಯ ಆ ಅಡುಗೆಮನೆಯಲ್ಲಿ, ಹೆಂಡತಿ ಜಯಲಕ್ಷ್ಮಿಯವರು ಈ ಕಡೆ ತಿರುಗಿಯೂ ನೋಡದೆ ಚಪಾತಿ ಲಟ್ಟಿಸುತ್ತಿದ್ದರು.

ವರ್ಷದಲ್ಲಿ ಆರು ತಿಂಗಳು ಸಿಡ್ನಿಯಲ್ಲಿ ಮಗನ ಮನೆ, ಆರು ತಿಂಗಳು ಮೆಲ್ಬರ್ನಿನಲ್ಲಿ ಮಗಳ ಮನೆ ಎಂದು ಗಂಡ ಹೆಂಡತಿ ಪಾಳಿ ಹಾಕಿಕೊಂಡಿದ್ದರು. ಈ ಸಲ ಮಗಳು ಅಪರ್ಣ ಬೆನ್ನುನೋವೆಂದು ಮಲಗಿದ್ದರಿಂದ ಜಯಲಕ್ಷ್ಮಿಯವರು ಒಬ್ಬರೇ ಮುಂಚೆ ಹೊರಟುಹೋಗಿದ್ದರು. ಕ್ರೂಗ್‌ಬಾಖ್ ಎಂಬ ಆ ಜರ್ಮನ್ ಊರಿನ ಫುಟ್‌ಬಾಲ್ ಕ್ಲಬ್ಬಿನವರು, ನಮಗೆ ನೂರು ವರ್ಷ ತುಂಬುತ್ತಿದೆ, ಹಳೆಯ ಆಟಗಾರರು ನೆನಪುಗಳನ್ನು ಬರೆದು ಕಳಿಸಿ ಎಂದು ಕೇಳಿದಾಗ ಬದರಿನಾಥರು ಮೆಲ್ಬರ್ನಿನಲ್ಲಿದ್ದರು. ಆ ವಿಳಾಸವನ್ನೇ ಕೊಟ್ಟಿದ್ದರು. ನಾಲ್ಕು ಪುಟ ಬರೆದಿದ್ದರು. ಮಾಡಿದ ತಪ್ಪೆಂದರೆ, ಆ ನಾಲ್ಕು ಪುಟದಲ್ಲಿ ಬರೀ ನಿಜವನ್ನೇ ಬರೆದಿದ್ದರು.

ನಿಜ ಏನೆಂದು ಹೇಳುವ ಮೊದಲು ಅವರು ನಲವತ್ತು ವರ್ಷದಿಂದ ಹೇಳಿಕೊಂಡು ಬಂದ ಕಥೆಯನ್ನು ಹೇಳಬೇಕು. ೧೯೮೫ರಲ್ಲಿ ಬೆಂಗಳೂರಿನ ಕಾರ್ಖಾನೆಯವರು ಅವರನ್ನು ಹತ್ತು ತಿಂಗಳ ತರಬೇತಿಗೆಂದು ಕ್ರೂಗ್‌ಬಾಖ್‌ಗೆ ಕಳಿಸಿದ್ದರು. ಅಲ್ಲಿನ ಫೋರ್‌ಮನ್ನೇ ಊರಿನ ಫುಟ್‌ಬಾಲ್ ತಂಡದ ನಾಯಕ. ಲೀಗಿನ ಕೊನೆಯ ಪಂದ್ಯಕ್ಕೆ ಜನ ಸಾಲದೆ ಇವರನ್ನೂ ಸೇರಿಸಿಕೊಂಡ. ಒಂದು-ಒಂದು ಸಮ. ಇನ್ನು ಏಳೇ ನಿಮಿಷ. ಚೆಂಡು ಬದರಿನಾಥರ ಕಾಲಿಗೆ ಬಂತು. ಮೂರು ಜನರನ್ನು ದಾಟಿ ಎಡಮೂಲೆಗೆ ಹೊಡೆದರು, ಗೋಲು, ಇಡೀ ಮೈದಾನ ಸ್ತಬ್ಧ. ಕನ್ನಡ ಸಂಘದ ಯುಗಾದಿಯಲ್ಲಿ, ಅಪರ್ಣಳ ಮದುವೆಯಲ್ಲಿ, ವೆಸ್ಟ್‌ಮೀಡ್ ಆಸ್ಪತ್ರೆಯಲ್ಲಿ ರಕ್ತ ಕೊಡಲು ಕಾದು ಕೂತಿದ್ದ ಅಪರಿಚಿತರ ಮುಂದೆ, ಎಲ್ಲೆಲ್ಲೂ ಇದನ್ನು ಹೇಳಿದ್ದರು. ಇದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಆ ಮೂವರೂ ತಮ್ಮದೇ ತಂಡದವರು, ಮೂರನೆಯವನು ತಮ್ಮದೇ ಗೋಲ್‌ಕೀಪರ್ ಎಂಬುದೊಂದನ್ನು ಬಿಟ್ಟಿದ್ದರು, ಅಷ್ಟೆ.

ತಪ್ಪು ಆದದ್ದು ಹಾಸ್ಟೆಲ್ಲಿನ ಅಭ್ಯಾಸದಿಂದ. ಮೈಸೂರಿನ ಅವರ ಹಾಸ್ಟೆಲ್ ಮೈದಾನದ ಒಂದು ತುದಿಗೆ ಮೋರಿ ಇತ್ತು. ಟಾಸ್ ಸೋತವರು ಆಟ ಮುಗಿಯುವವರೆಗೂ ಮೋರಿ ಕಡೆಯ ಗೋಲನ್ನೇ ಕಾಯಬೇಕು, ನಡುವೆ ಪಕ್ಕ ಬದಲಿಸುವ ಪದ್ಧತಿಯೇ ಇರಲಿಲ್ಲ. ಕ್ರೂಗ್‌ಬಾಖ್‌ನಲ್ಲಿ ಇವರು ಮೊದಲರ್ಧ ಬೆಂಚಿನ ಮೇಲೆ ಕೂತು ನೋಡಿ, ಯಾವ ಕಡೆಗೆ ಹೊಡೆಯಬೇಕೆಂದು ಚೆನ್ನಾಗಿ ಮನಸ್ಸಿಗೆ ತಂದುಕೊಂಡಿದ್ದರು. ಅರ್ಧ ಆಟಕ್ಕೆ ತಂಡಗಳು ಪಕ್ಕ ಬದಲಿಸಿದ್ದು ತಲೆಗೆ ಹೋಗದೆ, ಕೊನೆಗೆ ಇಳಿಸಿದಾಗ ಅದೇ ಕಡೆಗೆ ಓಡಿದರು. ಆ ಸೋಲಿನಿಂದ ಕ್ಲಬ್ಬು ಲೀಗಿನ ಕೆಳಗಿನ ದರ್ಜೆಗೆ ಇಳಿಯಿತು. ಮತ್ತೆ ಮೇಲೇರಲು ಹನ್ನೊಂದು ವರ್ಷ ಹಿಡಿಯಿತು.

ಇದು ಬರೀ ಜಂಬದ ಮಾತಾಗಿದ್ದರೆ ನಕ್ಕು ಮರೆಯಬಹುದಿತ್ತು. ಆದರೆ ಈ ಗೋಲಿನಿಂದಲೇ ಅವರ ಮದುವೆಯಾದದ್ದು. ಪತ್ರಿಕೆಯಲ್ಲಿ ನನ್ನ ಫೋಟೊ ಬಂದಿದೆ ಎಂದು ಅವರು ಮನೆಗೆ ಕಳಿಸಿದ್ದ ಜರ್ಮನ್ ಪತ್ರಿಕೆಯ ತುಣುಕನ್ನು ಅವರ ತಾಯಿ ಜಾತಕದ ಜೊತೆಗೆ ಪಿನ್ ಹಾಕಿ ಹೆಣ್ಣಿನ ಮನೆಗೆ ಕೊಟ್ಟುಬಿಟ್ಟಿದ್ದರು. ಕೇಸರಿಬಾತು ಮುಂದಿಟ್ಟುಕೊಂಡು ಭಾವೀ ಮಾವ, "ಫುಟ್‌ಬಾಲ್ ಆಡ್ತೀರಂತೆ?" ಎಂದು ಕೇಳಿದರು. ಬಾಗಿಲ ಹತ್ತಿರ ನಿಂತಿದ್ದ ಹುಡುಗಿ ತಲೆಯೆತ್ತಿ ನೋಡಿದಳು. ಮೂರು ಜನರನ್ನು ದಾಟಿದ ಕಥೆ ಅವತ್ತು ಹುಟ್ಟಿತು. ಬ್ಯಾಂಕ್ ಆಫೀಸರೊಬ್ಬನನ್ನು ಬಿಟ್ಟು ಜಯಲಕ್ಷ್ಮಿ ಇವರನ್ನು ಒಪ್ಪಿದರು. ಮದುವೆಯಾದ ಮೇಲೆ ಹೇಳೋಣ ಎಂದುಕೊಂಡರು, ಆಗ ಧೈರ್ಯವಾಗಲಿಲ್ಲ. ಆಮೇಲೆ ಹೇಳಲು ತೀರಾ ತಡವಾಗಿತ್ತು. ಈಗ ಅದು ಗೊತ್ತಾದ ಕ್ಷಣ ಹೆಂಡತಿಯ ಮುಖ ಹೇಗಾಗಬಹುದು ಎಂಬ ಯೋಚನೆ ಬದರಿನಾಥರನ್ನು ಕೂರಗೊಡಲಿಲ್ಲ.

ಮಾರನೆಯ ದಿನದ ವಿಮಾನಕ್ಕೆ ಟಿಕೆಟ್ ಬುಕ್ ಮಾಡು ಎಂದರು. ಏನಪ್ಪಾ ಇಷ್ಟು ಅರ್ಜೆಂಟು ಎಂದು ಮಗ ಅನುರಾಗ್ ಕೇಳಿದ. ಏನೂ ತೋಚದೆ, ನಿಮ್ಮಮ್ಮನ ನೆನಪಾಯಿತು ಎಂದರು. ಇಂಥ ಮಾತನ್ನು ಅಪ್ಪನ ಬಾಯಲ್ಲಿ ಎಂದೂ ಕೇಳಿರದ ಡಾಕ್ಟರ್ ಮಗ ಗಾಬರಿಯಾಗಿ ಅವರ ಬಿಪಿ ನೋಡಿದ.

ಗ್ಲೆನ್ ವೇವರ್ಲಿ ಸ್ಟೇಷನ್ನಿನಲ್ಲಿ ಇಳಿದು, ಬ್ಯಾಗು ಎಳೆದುಕೊಂಡು ಮನೆ ಸೇರಿದಾಗ ಆದ್ಯಾ ಸ್ಕೂಲಿನಿಂದ ಬಂದಾಗಿತ್ತು. ಅಪರ್ಣ ಒಳಗೆ ಮಲಗಿದ್ದಳು. ಜಯಲಕ್ಷ್ಮಿಯವರು ಊಟದ ಮೇಜಿನ ಮೇಲೆ ಮೆಂತ್ಯ ಸೊಪ್ಪು ಹರಡಿಕೊಂಡು ಬಿಡಿಸುತ್ತಿದ್ದರು, ಪಕ್ಕದಲ್ಲೇ ಪುಸ್ತಕ. ಇದೇನು ಹೇಳದೆ ಕೇಳದೆ ಬಂದಿರಿ ಎಂದು ಅವರು ಕೇಳಲಿಲ್ಲ. ಕಾಫಿ ಕೊಟ್ಟು, ಪುಸ್ತಕವನ್ನು ಇವರ ಮುಂದಕ್ಕೆ ಸರಿಸಿ, "ಓದಿ, ಕೇಳೋಣ," ಎಂದರಷ್ಟೆ.

ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಬದರಿನಾಥರು ಕನ್ನಡಕ ಹಾಕಿಕೊಂಡು, ತಮ್ಮ ಹಳೆಯ ಜರ್ಮನ್ ಜ್ಞಾನವನ್ನು ಕೆದಕಿ, ಒಂದೊಂದೇ ವಾಕ್ಯವನ್ನು ಕನ್ನಡ ಮಾಡುತ್ತ ಹೋದರು. ೧೯೨೫ರಲ್ಲಿ ಇಟ್ಟಿಗೆ ಗೂಡಿನ ಹದಿನಾಲ್ಕು ಜನ ಕೂಲಿಗಳು ಒಂದು ಹಂದಿ ಮಾರಿ ಮೊದಲ ಚೆಂಡು ಕೊಂಡರಂತೆ. ಯುದ್ಧ ಮುಗಿದ ಮೇಲೆ ಮೂರು ವರ್ಷ ಮೈದಾನದಲ್ಲಿ ಆಲೂಗಡ್ಡೆ ಬೆಳೆದರಂತೆ. ಕ್ಲಬ್ಬಿನ ಕಟ್ಟಡಕ್ಕೆ ಎರಡು ಸಲ ಬೆಂಕಿ ಬಿತ್ತಂತೆ, ಎರಡು ಸಲವೂ ಅಧ್ಯಕ್ಷರೇ ಸಾಸೇಜ್ ಸುಡುತ್ತಿದ್ದರಂತೆ. ಆದ್ಯಾ ಬಿದ್ದು ಬಿದ್ದು ನಕ್ಕಳು. ಓದುವ ಉತ್ಸಾಹದಲ್ಲಿ ಬದರಿನಾಥರಿಗೂ ಭಯ ಸ್ವಲ್ಪ ಮರೆತಿತ್ತು. ೧೯೮೪ ಮುಗಿಯಿತು. ಬೆರಳಿಗೆ ಎಂಜಲು ಹಚ್ಚಿಕೊಂಡು ನಾಲ್ಕಾರು ಹಾಳೆ ಒಟ್ಟಿಗೇ ತಿರುಗಿಸಿ, "೧೯೮೬ರಲ್ಲಿ ಹೊಸ ಬೇಲಿ ಹಾಕಿದರು," ಎಂದು ಓದಿದರು.

"ತಾತಾ, ಯು ಸ್ಕಿಪ್ಡ್ ಯುವರ್ ಚಾಪ್ಟರ್," ಎಂದಳು ಆದ್ಯಾ. "ಐ ಸ್ಕ್ಯಾನ್ಡ್ ಇಟ್ ಯೆಸ್ಟರ್‌ಡೇ. ಇಟ್ಸ್ ದ ಬೆಸ್ಟ್ ಒನ್."

ಅಜ್ಜಿಗೂ ಓದಿ ಹೇಳಿದೆಯಾ ಎನ್ನುವಂತೆ ಬದರಿನಾಥರು ಅವಳ ಮುಖ ನೋಡಿದರು. ಜಯಲಕ್ಷ್ಮಿಯವರು ಮೊಮ್ಮಗಳನ್ನು ಅಮ್ಮನಿಗೆ ಬಿಸಿನೀರಿನ ಬ್ಯಾಗು ಕೊಟ್ಟು ಬಾ ಎಂದು ಒಳಗೆ ಕಳಿಸಿದರು. ಬಾಗಿಲು ಮುಚ್ಚಿದ್ದು ಕೇಳಿಸಿದ ಮೇಲೆ, ಸೊಪ್ಪಿನಿಂದ ಕಣ್ಣು ತೆಗೆಯದೆ ಮಾತಾಡಿದರು.

"ಅವಳು ಓದಿದ್ದು ನಿನ್ನೆ. ನನಗೆ ಮದುವೆಗೆ ಮುಂಚೆನೇ ಗೊತ್ತು. ಜಾತಕದ ಜೊತೆ ಬಂದ ಆ ತುಣುಕನ್ನ ಅಪ್ಪ ಹಾಗೇ ಬಿಡ್ತಾರಾ? ಯೂನಿವರ್ಸಿಟಿಯ ಜರ್ಮನ್ ಮೇಷ್ಟ್ರ ಹತ್ರ ಓದಿಸಿಕೊಂಡು ಬಂದ್ರು. ಅತಿಥಿ ಬಂದು ನಮ್ಮನ್ನ ಮುಳುಗಿಸಿದ ಅಂತ ಹೆಡ್ಡಿಂಗು."

ಬದರಿನಾಥರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮತ್ತೆ ಹಾಕಿಕೊಂಡರು. ಹಾಗಾದರೆ ಯಾಕೆ ಒಪ್ಪಿದೆ ಎಂದು ಬಹಳ ಸಣ್ಣ ದನಿಯಲ್ಲಿ ಕೇಳಿದರು.

"ಅಪ್ಪ ಬೇಡವೇ ಬೇಡ ಅಂದ್ರು. ಆದ್ರೆ ಕೊನೇಲಿ ಎರಡು ಸಾಲು ಬರೆದಿತ್ತು. ಮ್ಯಾಚ್ ಮುಗಿದು ಎಲ್ಲರೂ ಬೈಕೊಂಡು ಮನೆಗೆ ಹೋದ್ರೂ ಆ ಹುಡುಗ ಹೋಗಲಿಲ್ಲ, ಒಬ್ಬನೇ ಮೈದಾನದ ನಾಲ್ಕು ಮೂಲೆಯ ಬಾವುಟ ಕಿತ್ತು, ಒರೆಸಿ, ಒಳಗಿಟ್ಟು ಹೋದ ಅಂತ. ಇಂಥೋನು ಆಗಬಹುದು ಅಂತ ನಾನೇ ಹೇಳಿದ್ದು."

ಬಾವುಟದ ವಿಷಯ ಬದರಿನಾಥರಿಗೆ ಮರೆತೇ ಹೋಗಿತ್ತು. ಎದೆಯಿಂದ ಮಣಭಾರ ಇಳಿದಂತಾಗಿ ನಗಲು ಹೊರಟರು. ಹೆಂಡತಿಯ ಮುಖ ನೋಡಿ ನಗು ಅಲ್ಲೇ ನಿಂತಿತು. ಅವರ ಕಣ್ಣು ತುಂಬಿತ್ತು.

"ನೀವೇ ಹೇಳ್ತೀರ ಅಂತ ಕಾಯ್ತಿದ್ದೆ," ಎಂದರು ಜಯಲಕ್ಷ್ಮಿಯವರು. "ಅಪರ್ಣ ಹುಟ್ಟಿದಾಗ ಹೇಳಬಹುದು, ರಿಟೈರ್ ಆದಮೇಲೆ ಹೇಳಬಹುದು ಅಂತ. ಎಷ್ಟು ಜನರ ಮುಂದೆ ಆ ಮೂರು ಜನರ ಕಥೆ ಹೇಳಿದ್ರಿ, ಅಷ್ಟು ಸಲವೂ ಪಕ್ಕದಲ್ಲಿ ಕೂತು ತಲೆಯಾಡಿಸಿದ್ದೀನಿ. ಎಲ್ಲೋ ಇರೋ ಜರ್ಮನಿಯವರಿಗೆ ನಾಲ್ಕು ಪುಟ ಬರೆದ್ರಿ. ನನಗೆ ನಾಲ್ಕು ಮಾತು ಹೇಳಲಿಲ್ವಲ್ಲ."

ಬದರಿನಾಥರು ಹೆಂಡತಿಯ ಮುಖ ಹೇಗಾಗಬಹುದೆಂದು ಸಿಡ್ನಿಯಿಂದ ಇಲ್ಲಿಯವರೆಗೂ ಕಲ್ಪಿಸಿಕೊಂಡು ಬಂದಿದ್ದರು, ಈ ಮುಖ ಮಾತ್ರ ಅದರಲ್ಲಿ ಇರಲಿಲ್ಲ. ಹೊರಗೆ ಯಾರದೋ ಕಾರು ಗರಾಜಿಗೆ ಹೋಯಿತು. ಕಾಫಿಯ ಮೇಲೆ ಕೆನೆ ಕಟ್ಟಿತ್ತು. ಅವರು ಪುಸ್ತಕ ಮುಚ್ಚಿ ಪಕ್ಕಕ್ಕಿಟ್ಟು, ಗಂಟಲು ಸರಿಮಾಡಿಕೊಂಡರು.

"ಅವತ್ತು ಒಂದು-ಒಂದು ಸಮ ಇತ್ತು, ಜಯಾ," ಎಂದರು. "ಇನ್ನು ಏಳು ನಿಮಿಷ. ಚೆಂಡು ನನ್ನ ಕಾಲಿಗೆ ಬಂತು."

"ಹೂಂ."

"ಮೂರು ಜನರನ್ನ ದಾಟಿದೆ."

"ಯಾರವರು, ಆ ಮೂರು ಜನ?"

"ನಮ್ಮೋರೇ."

ಜಯಲಕ್ಷ್ಮಿಯವರು ಸೆರಗಿನಿಂದ ಕಣ್ಣೊರೆಸಿಕೊಂಡರು. ಬಿಡಿಸದೆ ಉಳಿದಿದ್ದ ಮೆಂತ್ಯ ಸೊಪ್ಪಿನಲ್ಲಿ ಅರ್ಧವನ್ನು ಗಂಡನ ಕಡೆಗೆ ತಳ್ಳಿ, ಮುಂದೆ ಹೇಳಿ ಎನ್ನುವಂತೆ ಕುರ್ಚಿಯನ್ನು ಸ್ವಲ್ಪ ಹತ್ತಿರಕ್ಕೆ ಎಳೆದುಕೊಂಡರು.