ಮೂರನೇ ಸಾಲಿನ ನಗು

ಶನಿವಾರ ಮಧ್ಯಾಹ್ನ ಒಂದು ಗಂಟೆಗೆ ನಮ್ಮ ನಗುವನ್ನು ಚಿತ್ರೀಕರಿಸಿಕೊಳ್ಳುತ್ತಿದ್ದರು. ಆ ಹೊತ್ತಿಗೆ ನಟರು ಇನ್ನೂ ಬಂದಿರುತ್ತಿರಲಿಲ್ಲ. ಖಾಲಿ ವೇದಿಕೆಯ ಎದುರು, ದುಡ್ಡಿಗೆ ಪ್ರೇಕ್ಷಕರಾಗಿ ಬಂದ ನಾವು ಮೂವತ್ತು ಮಂದಿ ಹೆಂಗಸರು ಐದು ಸಾಲಾಗಿ ಕೂರುತ್ತಿದ್ದೆವು. ನಮ್ಮ ತಂಡದ ಲೀಡರಮ್ಮ ಗ್ವಾಕ್ ಕ್ಯಾಮೆರಾದ ಪಕ್ಕ ನಿಂತು, ಬೆರಳೆತ್ತಿ ಮೂರರವರೆಗೆ ಎಣಿಸಿದರೆ ನಗಬೇಕು, ಅಂಗೈ ಮಡಚಿದರೆ ನಿಲ್ಲಿಸಬೇಕು. ಆಮೇಲೆ ಬೆರಗು, ಆಮೇಲೆ ‘ಅಯ್ಯೋ ಪಾಪ’, ಕೊನೆಗೆ ಕಣ್ಣೊರೆಸಿಕೊಳ್ಳುವುದು. ಅರ್ಧ ಗಂಟೆಯಲ್ಲಿ ಎಲ್ಲ ಮುಗಿದುಹೋಗುತ್ತಿತ್ತು. ಯಾವ ಮಾತಿಗೆ ಯಾವ ಮುಖ ಅಂಟಿಸಬೇಕೆಂಬುದು ಸಂಕಲನದವರಿಗೆ ಬಿಟ್ಟದ್ದು. ಇದನ್ನು ಹೊರಗೆ ಬಾಯಿ ಬಿಡುವುದಿಲ್ಲವೆಂದು ನಾವೆಲ್ಲ ಒಂದು ಕಾಗದಕ್ಕೆ ಸಹಿ ಹಾಕಿದ್ದೆವು. ಈಗ ಸಿಯೋಲ್‌ನಲ್ಲಿ ಎಲ್ಲರಿಗೂ ಗೊತ್ತಾಗಿರುವುದರಿಂದ ಬರೆಯುತ್ತಿದ್ದೇನೆ.

ಅದು ರಾಜಕಾರಣಿಗಳನ್ನು ಗೇಲಿ ಮಾಡುವ ಕಾರ್ಯಕ್ರಮ. ಪ್ರತಿ ಭಾನುವಾರ ಸಂಜೆ ಟಿ.ವಿ.ಯಲ್ಲಿ ಬರುತ್ತಿತ್ತು. ಆಳುವ ಪಕ್ಷವನ್ನೂ ಬಿಡುತ್ತಿರಲಿಲ್ಲ, ವಿರೋಧ ಪಕ್ಷವನ್ನೂ ಬಿಡುತ್ತಿರಲಿಲ್ಲ. ಹಾಗಾಗಿ ಜನ ನಂಬುತ್ತಿದ್ದರು.

ನಮ್ಮ ಪೈಕಿ ನಗುವುದರಲ್ಲಿ ಮಲ್ಜಾಳನ್ನು ಮೀರಿಸುವವರಿರಲಿಲ್ಲ. ಮೂರನೇ ಸಾಲಿನ ನಡುವೆ ಅವಳ ಕುರ್ಚಿ, ಪಕ್ಕದ್ದು ನನ್ನದು. ತಲೆ ಹಿಂದಕ್ಕೆ ಎಸೆದು, ಬಾಯಿ ತುಂಬ ನಕ್ಕು, ಪಕ್ಕದವರ ತೊಡೆಗೆ ಪಟ್ಟೆಂದು ಹೊಡೆಯುತ್ತಿದ್ದಳು. ಆ ಪೆಟ್ಟು ತಿನ್ನುತ್ತಿದ್ದವಳು ನಾನು. ಕ್ಯಾಮೆರಾ ಅವಳನ್ನು ಹುಡುಕಿಕೊಂಡು ಬರುತ್ತಿತ್ತು.

ಮಲ್ಜಾಳ ಮಗಳು ಯುನ್ಸೊಲ್ ಶಾಲೆಗಳಿಗೆ ಮಧ್ಯಾಹ್ನದ ಊಟ ಒದಗಿಸುವ ಒಂದು ಕಂಪನಿಯಲ್ಲಿ ಕೆಲಸಕ್ಕಿದ್ದಳು. ಅಡುಗೆಮನೆಯ ಶೀತಪೆಟ್ಟಿಗೆಯಲ್ಲಿದ್ದ ಹಳೆಯ ಹಂದಿಮಾಂಸದ ಮೇಲೆ ಹೊಸ ತಾರೀಖಿನ ಚೀಟಿ ಅಂಟಿಸುತ್ತಿದ್ದುದನ್ನು ಕಂಡು, ಫೋನಿನಲ್ಲಿ ಫೋಟೊ ತೆಗೆದು ಸರ್ಕಾರಕ್ಕೆ ಕೊಟ್ಟಳು. ಹೆಸರು ಗುಟ್ಟಾಗಿ ಉಳಿಯಬೇಕಿತ್ತು, ಉಳಿಯಲಿಲ್ಲ. ಕೆಲಸದಿಂದ ತೆಗೆದರು. ಎರಡೂ ಪಕ್ಷದವರು ಅವಳ ಮನೆ ಬಾಗಿಲಿಗೆ ಬಂದು ಅವಳ ಪಕ್ಕ ನಿಂತು ಫೋಟೊ ತೆಗೆಸಿಕೊಂಡು ಹೋದರು. ಕೆಲಸ ಮರಳಿ ಕೊಡಿಸಬೇಕೆಂದು ಅವಳು ಹಾಕಿದ ಅರ್ಜಿಯ ವಿಚಾರಣೆ ಮುಂದಿನ ತಿಂಗಳಿತ್ತು. ಅಡುಗೆಮನೆಯ ಹೆಂಗಸೊಬ್ಬಳು ಸಾಕ್ಷಿ ಹೇಳಲು ಒಪ್ಪಿದ್ದಳು. ಯುನ್ಸೊಲ್‌ಗೆ ಇದ್ದದ್ದು ಅವಳೊಬ್ಬಳೇ ಸಾಕ್ಷಿ. ಇದೆಲ್ಲ ತನ್ನ ಮಗಳ ಸುದ್ದಿ ಎಂದು ಮಲ್ಜಾ ನಮ್ಮ ತಂಡದಲ್ಲಿ ನನಗೊಬ್ಬಳಿಗೇ ಹೇಳಿದ್ದಳು.

ಒಂದು ಶನಿವಾರ ಕಾಯುವ ಕೋಣೆಯಲ್ಲಿ ಕಿಂಬಾಪ್ ಎಂಬ ಅನ್ನದ ಸುರುಳಿ ತಿನ್ನುತ್ತಾ ಹೆಂಗಸರು ಪೇಪರಿನಲ್ಲಿ ಬಂದಿದ್ದ ಈ ವಿಷಯ ಎತ್ತಿದರು. ಅನ್ನ ಹಾಕಿದ ಮನೆಯ ವಿಷಯ ಬೀದಿಗೆ ತರಬಾರದು ಎಂದು ಬೊಕ್ಸಿಲ್ ಎಂಬವಳು ಹೇಳಿದಳು. ಮಕ್ಕಳು ತಿನ್ನುವ ಮಾಂಸ ಅಲ್ಲವೇ ಎಂದು ಇನ್ನೊಬ್ಬಳು. ಆ ಹುಡುಗಿಗೆ ಟಿ.ವಿ.ಯಲ್ಲಿ ಬರುವ ಆಸೆ ಎಂದು ಮತ್ತೊಬ್ಬಳು. ಮೊದಲು ಕಂಪನಿಯ ಯಜಮಾನರಿಗೆ ಹೇಳಬಹುದಿತ್ತು ಎಂದವಳು ನಾನು. ಮಲ್ಜಾ ಪಕ್ಕದಲ್ಲೇ ಕೂತು ಬಾರ್ಲಿ ನೀರು ಕುಡಿಯುತ್ತಿದ್ದಳು. ನನ್ನ ಮಾತಿಗೆ ಲೋಟವನ್ನು ಕೆಳಗಿಟ್ಟಳು.

ಆ ಭಾನುವಾರ ಒಂದು ಪ್ರಹಸನ ಬಂತು. ಅದನ್ನು ಬೇರೆ ಕಡೆ ಚಿತ್ರೀಕರಿಸಿದ್ದರು, ನಮ್ಮಲ್ಲಿ ಯಾರೂ ನೋಡಿರಲಿಲ್ಲ. ಅಡುಗೆಮನೆ ಅಂಗಿ ತೊಟ್ಟ ಹುಡುಗಿಯೊಬ್ಬಳು ಕಂಡದ್ದನ್ನೆಲ್ಲ ಫೋಟೊ ತೆಗೆಯುತ್ತಾಳೆ. ಇಬ್ಬರು ರಾಜಕಾರಣಿಗಳು ಅವಳ ಎರಡು ತೋಳು ಹಿಡಿದು ತಮ್ಮ ತಮ್ಮ ಕಡೆಗೆ ಎಳೆಯುತ್ತಾರೆ. ಅಷ್ಟರವರೆಗೆ ಸರಿಯಾಗಿಯೇ ಇತ್ತು, ನಾನೂ ಮನೆಯಲ್ಲಿ ಕೂತು ನಕ್ಕೆ. ಕೊನೆಗೆ ಹುಡುಗಿ ಕ್ಯಾಮೆರಾದ ಕಡೆ ತಿರುಗಿ, ‘ಎಡಗಡೆಯಿಂದ ತೆಗೀರಿ, ಆ ಕೆನ್ನೆ ಚೆನ್ನಾಗಿ ಬರುತ್ತೆ’ ಅನ್ನುತ್ತಾಳೆ. ಅದರ ಬೆನ್ನಿಗೇ ಪರದೆ ತುಂಬ ಮಲ್ಜಾಳ ಮುಖ. ತಲೆ ಹಿಂದಕ್ಕೆ, ಬಾಯಿ ತುಂಬ ನಗು, ನನ್ನ ತೊಡೆಗೆ ಪೆಟ್ಟು.

ಊಟದ ಕಂಪನಿಯ ಯಾರೋ ಅವಳ ಗುರುತು ಹಿಡಿದರು. ‘ಹೆತ್ತವಳೇ ನಗ್ತಿದಾಳೆ ನೋಡಿ’ ಎಂದು ಬರೆದು ಆ ತುಣುಕನ್ನು ಎಲ್ಲರ ಫೋನಿಗೂ ಕಳಿಸಿದರು. ಸಾಕ್ಷಿ ಹೇಳಬೇಕಿದ್ದವಳಿಗೂ ಅದು ಹೋಯಿತು. ತಾಯಿಯೇ ನಂಬದವಳನ್ನು ನಾನೇಕೆ ನಂಬಿ ಕೆಲಸ ಕಳೆದುಕೊಳ್ಳಲಿ ಎಂದು ಅವಳು ಹಿಂದೆ ಸರಿದಳು. ಯುನ್ಸೊಲ್ ತಾಯಿಯ ಫೋನು ತೆಗೆಯುವುದನ್ನು ನಿಲ್ಲಿಸಿದಳು.

ಮಲ್ಜಾ ಮೊದಲು ಲೀಡರಮ್ಮನ ಬಳಿ ಹೋದಳು. ಮಗಳ ವಿಷಯವನ್ನೆಲ್ಲ ಹೇಳಿ, ಆ ನಗು ಯಾವಾಗ ತೆಗೆದದ್ದೆಂದು ಮಗಳಿಗೆ ಒಂದು ಮಾತು ತಿಳಿಸಿ ಎಂದು ಬೇಡಿಕೊಂಡಳು. ಗ್ವಾಕ್ ಕೆಟ್ಟವಳಲ್ಲ. ಮಲ್ಜಾಳ ಕೈ ಹಿಡಿದುಕೊಂಡೇ ಆಗುವುದಿಲ್ಲ ಅಂದಳು. ಸಹಿ ಹಾಕಿದ ಕಾಗದ ಇದೆ, ಮೂವತ್ತು ಜನರ ಕೆಲಸ ಇದೆ, ಇವತ್ತು ಮಗಳಿಗೆ ಹೇಳಿದರೆ ನಾಳೆ ಪೇಪರಿಗೆ ಬರುತ್ತದೆ ಎಂದಳು.

ಮಂಗಳವಾರ ಬೆಳಿಗ್ಗೆ ಮಲ್ಜಾ ನನ್ನನ್ನು ಕರೆದುಕೊಂಡು ಇಂಚಿಯೋನ್‌ಗೆ, ಮಗಳ ಮನೆಗೆ ಹೊರಟಳು. ಒಂದೇ ಕೋಣೆಯ ಮನೆ. ಯುನ್ಸೊಲ್ ಬಾಗಿಲು ತೆಗೆದಳು, ಒಳಗೆ ಬನ್ನಿ ಅನ್ನಲಿಲ್ಲ. ನಾವೇ ಚಪ್ಪಲಿ ಬಿಟ್ಟು ಒಳಗೆ ಹೋಗಿ ನೆಲದ ಮೇಲೆ ಕೂತೆವು.

ಶನಿವಾರ ಒಂದು ಗಂಟೆಗೆ ನಗು ತೆಗೆಯುವ ವಿಷಯವನ್ನು ಮಲ್ಜಾ ಹೇಳಿದಳು. ಮಗಳು ಗೋಡೆಗೆ ಒರಗಿ ನಿಂತೇ ಕೇಳಿಸಿಕೊಂಡಳು.

“ಏನೂ ಇಲ್ಲದೆ ಹಾಗೆ ನಗೋಕಾಗುತ್ತಾ ಅಮ್ಮ? ಅದು ಹೊಟ್ಟೆಯಿಂದ ಬಂದ ನಗು. ನಂಗೆ ಗೊತ್ತಾಗಲ್ವಾ?”

“ಅದಕ್ಕೇ ಕಣೇ ನನ್ನನ್ನ ಮೂರನೇ ಸಾಲಲ್ಲಿ ಕೂರಿಸ್ತಿದ್ದಿದ್ದು.”

“ದೊಡ್ಡಮ್ಮ, ನೀವು ಹೇಳಿ. ನಿಜಾನಾ?”

ನಿಜ ಅಂದೆ. ಅವಳು ನಂಬಲಿಲ್ಲವೆಂದು ಮುಖ ನೋಡಿದರೇ ತಿಳಿಯುತ್ತಿತ್ತು. ಆಗ ಮಲ್ಜಾ ನನ್ನ ಪಕ್ಕಕ್ಕೆ ಸರಿದು ಕೂತು, ಮೇಲಂಗಿಯನ್ನು ಎಳೆದು ಸರಿಮಾಡಿಕೊಂಡಳು.

“ಅಕ್ಕ, ಎಣಿಸು.”

ನಾನು ಬೆರಳೆತ್ತಿ ಮೂರರವರೆಗೆ ಎಣಿಸಿದೆ. ಮಲ್ಜಾ ನಕ್ಕಳು. ಟಿ.ವಿ.ಯಲ್ಲಿ ಬಂದ ನಗುವೇ ಅದು, ಒಂದು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ನನ್ನ ತೊಡೆಗೆ ಪೆಟ್ಟೂ ಬಿತ್ತು. ನಾನು ಅಂಗೈ ಮಡಚಿದೆ, ನಗು ನಿಂತಿತು. ಅವಳ ಕಣ್ಣಲ್ಲಿ ನಗುವಿನ ಸುಳಿವೂ ಇರಲಿಲ್ಲ.

ಯುನ್ಸೊಲ್ ಗೋಡೆ ಬಿಟ್ಟು ಬಂದು ನಮ್ಮೆದುರು ಕೂತಳು. ಇನ್ನೊಂದು ಸಲ ಮಾಡು ಅಂದಳು. ಮಲ್ಜಾ ಮಾಡಿದಳು. ಮೂರನೇ ಸಲಕ್ಕೆ ಮಗಳು ಫೋನು ಕೈಗೆ ತೆಗೆದುಕೊಂಡಳು.

“ಅಮ್ಮ, ಇದನ್ನ ಹಿಡ್ಕೋತೀನಿ. ಮೊದ್ಲು ಹೆಸರು ಹೇಳು, ಇವತ್ತಿನ ತಾರೀಖು ಹೇಳು. ಆದ್ರೆ ಇದು ಹೊರಗೆ ಹೋದ್ರೆ ನಿನ್ನ ಮತ್ತೆ ಯಾರೂ ಕರೆಯಲ್ಲ. ಕಾಗದ ತೋರಿಸಿ ಕೇಸು ಹಾಕಿದ್ರೂ ಹಾಕಬಹುದು. ನನಗೇನಾಯ್ತು ನೋಡಿದೀಯ. ಬೇಡ ಅಂದ್ರೆ ಬೇಡ, ನಾನು ಬೇಜಾರು ಮಾಡ್ಕೊಳ್ಳಲ್ಲ.”

“ಆ ಅಡುಗೆಮನೆಯವಳಿಗೆ ತೋರಿಸ್ತೀಯಾ?”

“ಅವಳಿಗೂ, ಎಲ್ಲರಿಗೂ.”

ಮಲ್ಜಾ ಕಿಟಕಿಯ ಕಡೆ ನೋಡಿದಳು. ಅಲ್ಲಿ ಎದುರು ಕಟ್ಟಡದ ಗೋಡೆ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

“ಹಿಡಿ. ಎಡಗಡೆಯಿಂದ ಹಿಡಿ, ಆ ಕೆನ್ನೆ ಚೆನ್ನಾಗಿ ಬರುತ್ತೆ.”

ಮಗಳು ತಾಯಿಯನ್ನು ದಿಟ್ಟಿಸಿ ನೋಡಿದಳು. ತುಟಿಯ ಒಂದು ಕೊನೆ ಅಲುಗಿತು. ಆಮೇಲೆ ನನ್ನ ಕಡೆ ತಿರುಗಿ, ದೊಡ್ಡಮ್ಮ ನೀವು ಅಂದಳು. ನನ್ನ ಮುಖ ಬೇಡ ಅಂದೆ. ಕೈ ಮಾತ್ರ ಬರಲಿ, ಎಣಿಸುವ ಕೈ. ಇಬ್ಬರೂ ಕಾರಣ ಕೇಳಲಿಲ್ಲ. ನಾನು ಮುಖ ಪಕ್ಕಕ್ಕೆ ಸರಿಸಿ ಬೆರಳೆತ್ತಿದೆ.

ಆ ವಿಡಿಯೊ ಎರಡೇ ದಿನದಲ್ಲಿ ಊರೆಲ್ಲ ಸುತ್ತಿತು. ಇದು ಎಲ್ಲ ಕಡೆ ನಡೆಯುವ ಪದ್ಧತಿ ಎಂದು ಚಾನೆಲ್‌ನವರು ಒಂದು ಹೇಳಿಕೆ ಕೊಟ್ಟರು. ಅದರ ಮರುವಾರ ತಮ್ಮನ್ನೇ ಗೇಲಿ ಮಾಡಿಕೊಂಡು, ನಟನೊಬ್ಬನಿಗೆ ಗುಂಗುರು ಕೂದಲಿನ ಟೋಪನ್ ಹಾಕಿ ಮಲ್ಜಾಳಂತೆ ನಗಿಸಿದರು. ಜನ ಮೆಚ್ಚಿಕೊಂಡರಂತೆ. ಆ ಪ್ರಹಸನಕ್ಕೆ ಬೇಕಾದ ನಗುವನ್ನೂ ನಮ್ಮಿಂದ ಒಂದು ಗಂಟೆಗೇ ತೆಗೆದಿದ್ದರು. ಮಲ್ಜಾಳನ್ನು ಕರೆಯಲಿಲ್ಲ. ಕೇಸು ಹಾಕಲಿಲ್ಲ.

ಸಾಕ್ಷಿ ಹೇಳಬೇಕಿದ್ದ ಹೆಂಗಸು ವಿಚಾರಣೆಯ ದಿನ ಬಂದಳು. ತೀರ್ಪು ಇನ್ನೂ ಬಂದಿಲ್ಲ. ತಾಯಿ ಮಗಳು ಸದ್ಯ ಆ ಒಂದೇ ಕೋಣೆಯಲ್ಲಿದ್ದಾರೆ.

ವಿಡಿಯೊ ಹೊರಬಿದ್ದ ನಂತರದ ಶನಿವಾರ ಗ್ವಾಕ್ ನನ್ನ ಕೈಯನ್ನು ಒಂದು ಸಲ ನೋಡಿದಳು. ಯಾರ ಹೆಸರನ್ನೂ ಎತ್ತಲಿಲ್ಲ. ಮಲ್ಜಾಳ ಕುರ್ಚಿಯನ್ನು ತೋರಿಸಿ, ನೀವು ಅಲ್ಲಿಗೆ ಸರೀರಿ ಅಂದಳು. ನಾನು ಸರಿದೆ.

ಹೋದ ಸೋಮವಾರ ಮಲ್ಜಾ ಫೋನು ಮಾಡಿದಳು.

“ಅಕ್ಕ, ನಿನ್ನೆ ನೋಡ್ದೆ. ಬಾಯಿ ಮುಚ್ಕೊಂಡು ನಕ್ರೆ ಕ್ಯಾಮೆರಾ ಯಾಕೆ ನಿಲ್ಲುತ್ತೆ? ಎರಡು ಸೆಕೆಂಡೂ ಇರಲಿಲ್ಲ ನೀನು.”

ಯಾವ ಮಾತಿಗೆ ನನ್ನನ್ನು ಹಾಕಿದ್ದರು ಎಂದು ಕೇಳಿದೆ. ಹೇಳಿದಳು. ಮಂತ್ರಿಯೊಬ್ಬನ ಛತ್ರಿಯ ವಿಷಯ. ಅಷ್ಟೇನೂ ನಗುವಂಥದ್ದಲ್ಲ.