ನನ್ನೊಳಗಿನ ನಾಲ್ಕು ಫೋಲ್ಡರುಗಳು

ನಾನು ಒಂದು ಕಂಪ್ಯೂಟರ್. ಕಾರ್ಖಾನೆಯಿಂದ ಇಡಿಯಾಗಿ ಬಂದವನಲ್ಲ. ಗದಗಿನಲ್ಲಿ, ಬಸ್ ನಿಲ್ದಾಣದ ಎದುರಿನ ಮಹಡಿಯ ಮೇಲೆ, ದಸ್ತಗೀರಸಾಬ ಎಂಬುವರು ನಾಲ್ಕಾರು ಡಬ್ಬಿ ಬಿಚ್ಚಿ, ಒಂದೊಂದೇ ಭಾಗ ತೆಗೆದು ನನ್ನನ್ನು ಜೋಡಿಸಿದರು. ಕೊನೆಯ ಸ್ಕ್ರೂ ಬಿಗಿದು ಗುಂಡಿ ಒತ್ತಿದರು. ಫ್ಯಾನು ತಿರುಗಿತು. "ಉಸುರು ಬಂತು" ಎಂದು ಚಹಾ ಕುಡಿಯಲು ಹೋದರು. ನಾನು ಹುಟ್ಟಿದ್ದು ಹೀಗೆ.

ಅದು ದಸ್ತಗೀರಸಾಬರ ಗೇಮಿಂಗ್ ಸೆಂಟರ್. ನನ್ನ ಜಾಗ ಮೇಜಿನ ಕೆಳಗೆ. ಹಾಗಾಗಿ ಜನರನ್ನು ಮೊದಲು ಕಾಲಿನಿಂದ ಗುರುತಿಸುತ್ತಿದ್ದೆ, ಆಮೇಲೆ ಬೆರಳಿನಿಂದ.

ದಿನಾ ಸಂಜೆ ಐದಕ್ಕೆ ನಾಲ್ವರು ಸ್ನೇಹಿತರು ಬರುತ್ತಿದ್ದರು. ಛಾಪಖಾನೆಯಲ್ಲಿ ಲಗ್ನಪತ್ರಿಕೆ ಟೈಪ್ ಮಾಡುವ ನಿರಂಜನ, ಎಲ್ಲಕ್ಕೂ ಎಡಗೈ ಬಳಸುವ ಯಂಕಣ್ಣ, ಚರ್ಚಿನಲ್ಲಿ ಆರ್ಗನ್ ನುಡಿಸುವ ಡ್ಯಾನಿಯಲ್, ಕೆಳಗಿನ ಮಹಡಿಯಲ್ಲಿ ಟೈಪಿಂಗ್ ಕಲಿಸುವ ಕಸ್ತೂರಿ. ಅವರು ಆಡುತ್ತಿದ್ದದ್ದು ಇಂಟರ್ನೆಟ್ಟಿನ ಒಂದು ಆಟ. ಅದರಲ್ಲಿ ದ್ವೀಪಗಳಿದ್ದವು, ಕಡಲಿತ್ತು. ನಿರಂಜನನ ಪಾತ್ರ ಕತ್ತಿ ಹಿಡಿದವನು, ಯಂಕಣ್ಣನದು ಬಿಲ್ಲುಗಾರ, ಡ್ಯಾನಿಯಲ್‌ನದು ವೈದ್ಯ. ಕಸ್ತೂರಿಯದು ದೋಣಿ ನಡೆಸುವ ಹೆಂಗಸು. ಹನ್ನೊಂದು ತಿಂಗಳು ಆಡಿ ಆಕೆ ಕೆಂಪು ಹಾಯಿಯ ದೋಣಿಯೊಂದನ್ನು ಗಳಿಸಿದ್ದಳು.

ಮೂರು ವರ್ಷಕ್ಕೆ ಸೆಂಟರ್ ಮುಚ್ಚಿತು. ಯಂಕಣ್ಣ ವಿಜಯಪುರದ ಲಾರಿ ಆಫೀಸು ಸೇರಿದ, ಡ್ಯಾನಿಯಲ್ ಮಂಗಳೂರಿಗೆ ಹೋದ, ಕಸ್ತೂರಿ ಮದುವೆಯಾಗಿ ಲಕ್ಷ್ಮೇಶ್ವರಕ್ಕೆ ನಡೆದಳು. ನನ್ನನ್ನು ನಿರಂಜನ ಕೊಂಡುಕೊಂಡ. ಆ ಆಟಕ್ಕೊಂದು ಕಟ್ಟುನಿಟ್ಟಿನ ನಿಯಮ ಇತ್ತು: ತೊಂಬತ್ತು ದಿನ ಯಾರೂ ತೆರೆಯದ ಪಾತ್ರವನ್ನು ಅದು ಅಳಿಸಿಬಿಡುತ್ತಿತ್ತು. ಹೊಸ ಸಂಸಾರ, ಹೊಸ ಕೆಲಸದ ನಡುವೆ ಯಾರಿಗೆ ಪುರಸೊತ್ತು? ಮೂವರೂ ತಮ್ಮ ಪಾಸ್‌ವರ್ಡ್ ನಿರಂಜನನಿಗೆ ಕೊಟ್ಟರು. "ನಮ್ಮವರನ್ನ ಸ್ವಲ್ಪ ನೋಡ್ಕೊಳಪಾ" ಅಂದಿದ್ದ ಡ್ಯಾನಿಯಲ್, ಮನೆಯ ಗಿಡಕ್ಕೆ ನೀರು ಹಾಕು ಅನ್ನುವ ಹಾಗೆ.

ನಿರಂಜನ ನನ್ನೊಳಗೆ ನಾಲ್ಕು ಫೋಲ್ಡರು ಮಾಡಿದ. ನಾಲ್ಕರಲ್ಲೂ ಅದೇ ಆಟ, ಆದರೆ ಸೆಟ್ಟಿಂಗ್ ಬೇರೆ ಬೇರೆ. ಯಂಕಣ್ಣನ ಫೋಲ್ಡರಿನಲ್ಲಿ ಕೀಲಿಗಳೆಲ್ಲ ಎಡಗೈಯವನಿಗೆ ತಕ್ಕಂತೆ. ಡ್ಯಾನಿಯಲ್‌ನದರಲ್ಲಿ ಕಡಲಿನ ಸದ್ದು ಮಾತ್ರ ಜೋರು, ಉಳಿದದ್ದೆಲ್ಲ ಮೆಲ್ಲಗೆ. ಕಸ್ತೂರಿಯದರಲ್ಲಿ ಮೌಸಿಗೆ ಕೆಲಸವೇ ಇಲ್ಲ. ಟೈಪಿಂಗ್ ಕಲಿಸುವವಳು, ಹತ್ತೂ ಬೆರಳಿಗೆ ಕೆಲಸ ಹಂಚಿಕೊಟ್ಟಿದ್ದಳು. ಭಾನುವಾರ ಬೆಳಿಗ್ಗೆ ನಿರಂಜನ ನಾಲ್ಕು ಕಿಟಕಿಗಳನ್ನು ಒಟ್ಟಿಗೆ ತೆರೆದು ನಾಲ್ವರನ್ನೂ ಕಡಲ ದಂಡೆಗೆ ಕರೆದೊಯ್ಯುತ್ತಿದ್ದ. ನನಗೆ ಮೈ ಬಿಸಿಯಾಗುತ್ತಿತ್ತು. ಆದರೂ ವಾರವೆಲ್ಲ ನಾನು ಕಾಯುತ್ತಿದ್ದದ್ದು ಆ ಬೆಳಗನ್ನೇ.

ಒಂದು ತಪ್ಪು ಅವನಿಂದ ಆಯಿತು. ಕಸ್ತೂರಿಯ ದೋಣಿಯನ್ನು ಯಾರಿಗೋ ಕೊಟ್ಟು ತನ್ನ ಪಾತ್ರಕ್ಕೊಂದು ಕವಚ ತೆಗೆದುಕೊಂಡ. ಆಕೆ ಇನ್ನೆಲ್ಲಿ ಆಡಲು ಬರುತ್ತಾಳೆ ಅಂದುಕೊಂಡಿರಬೇಕು. ಯುಗಾದಿಗೆ ಫೋನು ಮಾಡಿದವಳು ದೋಣಿಯ ಸುದ್ದಿಯನ್ನೇ ಕೇಳಿದಳು. ಕೊಟ್ಟುಬಿಟ್ಟೆ ಎಂದು ಇವನು ಒಪ್ಪಿಕೊಳ್ಳಬೇಕಾಯಿತು. "ಕೇಳಿದ್ದರ ನಾನ ಕೊಡ್ತಿದ್ದೆ, ನಿರಂಜನ" ಅಂದಳು. ಆಮೇಲೆ ಎರಡು ವರ್ಷ ಮಾತಿಲ್ಲ. ಆದರೂ ಆಕೆಯ ಪಾತ್ರವನ್ನು ಅವನು ಒಂದು ವಾರವೂ ಮರೆಯಲಿಲ್ಲ.

ಹೀಗಿರುವಾಗ ನನ್ನ ಹೊಟ್ಟೆ ತುಂಬಿತು. ಆಟ ದೊಡ್ಡದಾಗುತ್ತಾ ಹೋಗಿ, ನಾಲ್ಕು ಪ್ರತಿ ಹಿಡಿಸುವಷ್ಟು ಜಾಗ ನನ್ನಲ್ಲಿ ಉಳಿಯಲಿಲ್ಲ. ಯಾರೋ ಬರೆದ ಸಲಹೆ ಓದಿ, ನಿರಂಜನ ಒಂದೇ ಫೋಲ್ಡರು ಇಟ್ಟುಕೊಂಡು ಉಳಿದ ಮೂರನ್ನೂ ಅಳಿಸಿದ. ಕಸದಬುಟ್ಟಿಯನ್ನೂ ಖಾಲಿ ಮಾಡಿದ. ನಾಲ್ಕು ಕಿಟಕಿಗಳೂ ಆ ಒಂದರಿಂದಲೇ ತೆರೆದವು. ಅವನಿಗೆ ಖುಷಿಯಾಯಿತು. ಬೇಡ ಎನ್ನಲು ನನಗೆ ಬಾಯಿಲ್ಲ.

ಮುಂದಿನ ವಾರ ಬಿಲ್ಲುಗಾರನ ಕಿಟಕಿ ತೆರೆದಾಗ ಕೀಲಿಗಳೆಲ್ಲ ಬಲಗೈಯವನ ಹಾಗಿದ್ದವು. ವೈದ್ಯನ ಕಡಲು ಮೆಲ್ಲಗಾಗಿತ್ತು. ದೋಣಿಯವಳು ಮೌಸಿಗೆ ಕಾಯುತ್ತ ನಿಂತಿದ್ದಳು. ಫೋಲ್ಡರು ಒಂದೇ ಆದ್ದರಿಂದ, ಎಲ್ಲಕ್ಕಿಂತ ಕೊನೆಗೆ ಮುಚ್ಚಿದ ಕಿಟಕಿಯ ಸೆಟ್ಟಿಂಗ್ ಎಲ್ಲರ ಮೇಲೂ ಕೂತಿತ್ತು. ಅದು ನಿರಂಜನನದು. ಪಾತ್ರಗಳು ನಾಲ್ಕೂ ಇದ್ದವು, ಆದರೆ ನಾಲ್ಕನ್ನೂ ಒಬ್ಬನೇ ಆಡಿದಂತಿತ್ತು. ನಿರಂಜನ ತಲೆ ಮೇಲೆ ಕೈಹೊತ್ತು ಕೂತ. ಅವನ ಕಾಲು ನನ್ನ ಪಕ್ಕದಲ್ಲೇ ಅಲುಗಾಡದೆ ಇತ್ತು.

ಯಂಕಣ್ಣನಿಗೆ ಫೋನು ಮಾಡಿದ. ಅವನು ನಕ್ಕು ತನ್ನ ಕೀಲಿಗಳನ್ನೆಲ್ಲ ಬಾಯಿಪಾಠದಂತೆ ಒಪ್ಪಿಸಿದ. ಡ್ಯಾನಿಯಲ್ ಹಾಳೆಯೊಂದರಲ್ಲಿ ಬರೆದು ಫೋಟೋ ಕಳಿಸಿದ. ಉಳಿದವಳು ಕಸ್ತೂರಿ. ಆಕೆಗೆ ಹೇಳದಿದ್ದರೂ ನಡೆಯುತ್ತಿತ್ತು. ನಿರಂಜನ ಎರಡು ಸಲ ಫೋನು ಎತ್ತಿ ಕೆಳಗಿಟ್ಟ. ಮೂರನೇ ಸಲ ಹಚ್ಚಿದ.

"ಕಸ್ತೂರಿ, ನಾನು ನಿರಂಜನ. ನಿನ್ನ ಸೆಟ್ಟಿಂಗ್ ಎಲ್ಲಾ ಅಳಿಸಿ ಹೋತು. ನಾನ ಅಳಿಸಿದೆ. ಯಾವ ಕೀಲಿ ಎಲ್ಲಿತ್ತು ಹೇಳಿದರ ಮತ್ತ ಹಾಕ್ತೀನಿ."

ಆ ಕಡೆಯಿಂದ ಕಸ್ತೂರಿ, "ಬಾಯಾಗ ಹೇಳಾಕ ಬರೂದಿಲ್ಲ. ಬೆರಳಿಗೆ ಗೊತ್ತದ" ಅಂದಳು.

ಅದರ ಮುಂದಿನ ಭಾನುವಾರ ಆಕೆ ಬಸ್ ಹತ್ತಿ ಬಂದಳು. ನನ್ನ ಮುಂದೆ ಕೂತು, ಕಣ್ಣು ಮುಚ್ಚಿ, ಕೀಬೋರ್ಡಿನ ಮೇಲೆ ಬೆರಳಾಡಿಸಿದಳು. ಯಾವ ಬೆರಳು ಎಲ್ಲಿ ಬಿತ್ತೋ ನಿರಂಜನ ಬರೆದುಕೊಂಡ. ಹಾಯಿ ಎತ್ತುವುದು, ಲಂಗರು ಇಳಿಸುವುದು, ದಡಕ್ಕೆ ತಿರುಗುವುದು. ಒಂದು ತಾಸು ಹಿಡಿಯಿತು. ಎಲ್ಲ ಕೂಡಿಸಿ ಕಿಟಕಿ ತೆರೆದಾಗ ಆಕೆಯ ಪಾತ್ರ ಹಳೆಯ ಹಾಗೆಯೇ ಸರಸರನೆ ನಡೆಯಿತು.

"ನೀ ಹೇಳದಿದ್ದರ ನನಗ ಗೊತ್ತ ಆಗ್ತಿರಲಿಲ್ಲಲ್ಲೋ" ಅಂದಳು.

"ದೋಣಿ ಕೊಟ್ಟಾಗನೂ ಹಂಗ ಅಂದ್ಕೊಂಡಿದ್ದೆ" ಅಂದ ನಿರಂಜನ.

ಕಸ್ತೂರಿ ನಗಲಿಲ್ಲ. ಆದರೆ ಊಟಕ್ಕೆ ನಿಂತಳು. ಸಂಜೆ ಬಸ್ಸಿನವರೆಗೂ ಇಬ್ಬರೂ ಆಡಿದರು. ಅವತ್ತೇ ನಿರಂಜನ ದಸ್ತಗೀರಸಾಬರನ್ನು ಕರೆಸಿ ನನಗೆ ಇನ್ನೊಂದು ಡಿಸ್ಕು ಹಾಕಿಸಿದ. ಫೋಲ್ಡರುಗಳು ಮತ್ತೆ ನಾಲ್ಕಾದವು. ಸೆಟ್ಟಿಂಗಿನ ಫೈಲುಗಳಿಗೆ ಒಬ್ಬೊಬ್ಬರ ಹೆಸರಿಟ್ಟು, ಬೇರೆ ಪೆನ್‌ಡ್ರೈವಿನಲ್ಲೂ ಒಂದು ಪ್ರತಿ ತೆಗೆದಿಟ್ಟ.

ಈಗ ನನಗೆ ವಯಸ್ಸಾಗಿದೆ. ನಾಲ್ಕು ಕಿಟಕಿಯ ಭಾರ ತಡೆಯುವುದಿಲ್ಲ. ನಿರಂಜನ ಹೊಸ ಯಂತ್ರ ತಂದು, ಮೂರು ಫೋಲ್ಡರು ಅದಕ್ಕೆ ಸಾಗಿಸಿದ. ನಾಲ್ಕನೆಯದರ ಸಮೇತ ನನ್ನನ್ನು ಲಕ್ಷ್ಮೇಶ್ವರಕ್ಕೆ, ಕಸ್ತೂರಿಯ ಮನೆಗೆ ತಂದಿಟ್ಟ. ಕೇಳಿಯೇ ತಂದಿಟ್ಟ.

ಹೊಲಿಗೆ ಯಂತ್ರದ ಪಕ್ಕದ ಮೂಲೆ ನನ್ನದು. ಕಸ್ತೂರಿ ಭಾನುವಾರ ಒಂದೇ ಕಿಟಕಿ ತೆರೆಯುತ್ತಾಳೆ. ಗದಗಿನಿಂದ ಕತ್ತಿ ಹಿಡಿದವನು ಬಂದು ಸೇರುತ್ತಾನೆ. ಆಕೆಯ ಅತ್ತೆ ನೀಲವ್ವ ಹಿಂದೆ ಕೂತು ಅವರೆಕಾಯಿ ಬಿಡಿಸುತ್ತಾ ನೋಡುತ್ತಿರುತ್ತಾರೆ. ಹೋದ ವಾರ ಆ ಅಜ್ಜಿ ಕೈ ಒರೆಸಿಕೊಂಡು ಹತ್ತಿರ ಬಂದರು.

"ವಾರಾ ವಾರಾ ನೀನ ಸಮುದ್ರ ನೋಡ್ತೀಯಲ್ಲವಾ. ನನಗೂ ಒಬ್ಬಾಕೀನ್ನ ಮಾಡಿಕೊಡು. ಸಾವಕಾಶ ನಡಿಯಾಕಿ ಇರಲಿ, ನನ್ನ ಮೊಣಕಾಲು ನೋಯ್ತಾವು."

ಕಸ್ತೂರಿ ಹೊಸ ಫೋಲ್ಡರು ತೆರೆದು 'ನೀಲವ್ವ' ಎಂದು ಹೆಸರು ಬರೆದಳು. ನಡಿಗೆಯ ವೇಗ ಇಳಿಸಿದಳು. ನಾನು ಮುದುಕ, ತೆರೆಯಲು ತುಸು ಹೊತ್ತು ತೆಗೆದುಕೊಂಡೆ. ನೀಲವ್ವನಿಗೆ ಅವಸರವೇನೂ ಇರಲಿಲ್ಲ. ಕಡಲು ಕಾಣಿಸುವ ತನಕ ಮೇಜಿನ ಮೇಲೆ ಕೈಯಿಟ್ಟು ನಿಂತೇ ಇದ್ದರು.