ಗುಸುಗುಸು

ಕೋಕಿಲಾ ಟೇಪ್‌ರೆಕಾರ್ಡರಿನ ಗುಂಡಿ ಒತ್ತಿದಾಗ ವಿಷ್ಣು ಸಹಸ್ರನಾಮ ಬರಲಿಲ್ಲ. ಎಣ್ಣೆಯಲ್ಲಿ ಸಾಸಿವೆ ಸಿಡಿದಂಥ ಸದ್ದು ಬಂತು. ಕೋಲ್ಕತ್ತಾದ ಡಮ್ ಡಮ್ ಬಡಾವಣೆಯ ಆ ಸಣ್ಣ ಮನೆಯಲ್ಲಿ, ಅವರ ಗಂಡ ಹಯವದನರ ಶವದ ಸುತ್ತ ಕೂತವರೆಲ್ಲ ತಲೆಯೆತ್ತಿದರು.

"ಅಯ್ಯೋ, ಇದರ ಮೇಲೂ ಗುಸುಗುಸು ತುಂಬಿಸಿಬಿಟ್ಟಿದಾರೆ!" ಕೋಕಿಲಾ ಅಳುವಿನ ನಡುವೆಯೇ ನಕ್ಕರು. "ದೇವರ ಕ್ಯಾಸೆಟ್ಟನ್ನೂ ಬಿಡಲಿಲ್ಲ ನೋಡಮ್ಮ ಚಿನ್ಮಯಿ, ನಿಮ್ಮ ಮೇಷ್ಟ್ರು."

ಚಿನ್ಮಯಿ ಪರಮಾಣು ವಿಜ್ಞಾನಿ ಹಯವದನರ ಕೊನೆಯ ಶಿಷ್ಯೆ. ಜೊತೆಯವರೆಲ್ಲ ಸಾಲ್ಟ್ ಲೇಕಿನ ಐಟಿ ಕಂಪನಿಗಳಿಗೆ ಓಡಿದಾಗ ಇವಳೊಬ್ಬಳು ಅವರ ಬಳಿ ಉಳಿದಿದ್ದಳು. ಈಗ ಅವಳ ಚೀಲದಲ್ಲಿ ಒಂದು ರಿಯಾಕ್ಟರಿನ ಸುರಕ್ಷತಾ ವರದಿಯಿತ್ತು, ಸಹಿಯೊಂದೇ ಬಾಕಿ. ಗ್ರಾಫಿನ ಗೆರೆ ನುಣುಪಾಗಿತ್ತು. ವಿಭಾಗದ ಮುಖ್ಯಸ್ಥ ಬದರಿನಾಥ ಅವಸರಪಡಿಸಿದರೆಂದು, ನಿನ್ನೆ ಅವಳೇ ನ್ಯೂಟ್ರಾನ್ ಎಣಿಕೆಯ ಏರಿಳಿತಗಳನ್ನೆಲ್ಲ ಸರಾಸರಿಯಲ್ಲಿ ಕರಗಿಸಿದ್ದಳು.

*

ಸೇರಿದ ಮೊದಲ ವಾರವೂ ಅವಳು ಇದೇ ತಪ್ಪು ಮಾಡಿದ್ದಳು. ಹಯವದನ ಬೈಯಲಿಲ್ಲ, ಆ ಏರಿಳಿತಗಳನ್ನು ಸದ್ದಾಗಿಸಿ ಅವಳ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿದರು.

"ಎಲ್ರೂ ಇದನ್ನ ನಾಯ್ಸ್ ಅಂತ ಬಿಸಾಕ್ತಾರೆ. ನ್ಯೂಟ್ರಾನ್‌ಗಳು ತಮಗೆ ತೋಚಿದ ಹಾಗೆ ಹುಟ್ತವೆ, ಸಾಯ್ತವೆ, ಅದಕ್ಕೇ ಈ ಗುಸುಗುಸು. ತಾಳ ಇಲ್ಲದಿದ್ರೆ ಭಯ ಇಲ್ಲ. ತಾಳ ಕೇಳಿಸ್ತೋ, ಒಳಗೇನೋ ಅಲ್ಲಾಡ್ತಿದೆ ಅಂತ."

ಒಮ್ಮೆ ಅಂಥ ತಾಳ ಕೇಳಿಸಿ, ಯಾರ ಮಾತಿಗೂ ಜಗ್ಗದೆ, ಅವರು ಒಂದು ರಿಯಾಕ್ಟರನ್ನೇ ನಿಲ್ಲಿಸಿದ್ದರು. ತೆರೆದು ನೋಡಿದರೆ ನಿಯಂತ್ರಣ ಸಲಾಕೆಯೊಂದರ ಆಸರೆ ಸಡಿಲವಾಗಿತ್ತು. ಪತ್ರಿಕೆಯಲ್ಲಿ ಸುದ್ದಿ ಬರಲಿಲ್ಲ. ಆಗದ ಅನಾಹುತಕ್ಕೆ ಯಾರು ಹಾರ ಹಾಕುತ್ತಾರೆ? ಆ ಸಂಜೆ ಮಹಾರಾಯರು ಒಂದು ಮಡಕೆ ರಸಗುಲ್ಲ ತಂದು, ಕಾರಣ ಹೇಳದೆ ಇಡೀ ಕಟ್ಟಡಕ್ಕೆ ಹಂಚಿದ್ದರಂತೆ.

*

"ಆಫ್ ಮಾಡಿಬಿಡಿ, ಮೇಡಮ್," ಎಂದ ಬದರಿನಾಥ ಚಿನ್ಮಯಿಯತ್ತ ಬಗ್ಗಿದರು. "ಸಹಿ ಆಯ್ತಾ? ಸಂಜೆಯೊಳಗೆ ವರದಿ ಹೋಗ್ಬೇಕು."

"ಒಂದ್ನಿಮಿಷ ಸರ್."

ಸಿಡಿತದ ಅಡಿಯಲ್ಲಿ ಇನ್ನೇನೋ ಇತ್ತು. ಟುಕ್... ಟುಕ್... ಟುಕ್.

"ಅಮ್ಮಾ, ಇದು ಯಾವಾಗಿನದು?"

"ಹೋದ ವಾರದ್ದು. ನಿನ್ನ ರಿಯಾಕ್ಟರಿಂದೇ ಅಂತೆ. ಚಿನ್ಮಯಿ ಬಂದ್ರೆ ಕೇಳಿಸ್ಬೇಕು ಅಂತಿದ್ರು. ಅಷ್ಟರಲ್ಲಿ ಎದೆನೋವು ಬಂತು."

ಚಿನ್ಮಯಿಗೆ ನಾಚಿಕೆಯೂ ದುಃಖವೂ ಒಟ್ಟಿಗೇ ಉಕ್ಕಿ ಬಂದವು. ವರದಿ ತೆಗೆದು ಎರಡಾಗಿ ಹರಿದಳು.

"ರಿಯಾಕ್ಟರ್ ನಿಲ್ಲಿಸೋಕೆ ಹೇಳ್ಬೇಕು ಸರ್. ಇವತ್ತೇ."

ಬದರಿನಾಥ ಟೇಪ್‌ರೆಕಾರ್ಡರಿನತ್ತ ಬಗ್ಗಿ ಆ ತಾಳವನ್ನು ಆಲಿಸಿದರು. ಆಮೇಲೆ ಮೊಬೈಲಿನಲ್ಲಿ ಸ್ಥಾವರದ ಸಂಖ್ಯೆ ಒತ್ತುತ್ತ ಬಾಲ್ಕನಿಗೆ ನಡೆದರು.

ಪಾಡಾದ ನೆರೆಹೊರೆಯವರು ಬಂದು ಚಟ್ಟ ಎತ್ತಿದರು. "ಬೊಲೊ ಹೊರಿ!" ಎಂಬ ಬಂಗಾಳಿ ಹರಿನಾಮದ ಕೂಗು ಮೆಟ್ಟಿಲಿಳಿಯಿತು. ಕೋಕಿಲಾರ ಕೈ ಟೇಪ್‌ರೆಕಾರ್ಡರಿನತ್ತ ಹೋಯಿತು. ಆರಿಸಲಿಲ್ಲ, ಹಯವದನರು ಬೀದಿಯ ತಿರುವು ದಾಟುವವರೆಗೂ ಕೇಳಿಸುವಷ್ಟು ಸದ್ದು ಹೆಚ್ಚಿಸಿತು.